ಒಂದೇ ಬೆಂಚಿನ ಊಟ

ಕಮ್ಮನಹಳ್ಳಿಯ ಮುಖ್ಯ ರಸ್ತೆಯಲ್ಲಿ ಸಂಜೆ ಏಳರ ಮೇಲೆ ನಡೆದುಹೋಗುವವನಿಗೆ ಹಸಿವಿಲ್ಲದಿದ್ದರೂ ಹಸಿವಾಗುತ್ತದೆ. ಒಂದು ಕಡೆ ಪರೋಟ ತಟ್ಟುವ ಸದ್ದು. ಇನ್ನೊಂದು ಕಡೆ ಕೆಂಡದ ಮೇಲೆ ಬೇಯುವ ಕೋಳಿಯ ಹೊಗೆ. ಅದರ ಮಗ್ಗುಲಲ್ಲೇ ಇಡ್ಲಿಯ ಹಬೆ. ಮೊನ್ನೆ ಅಲ್ಲಿಯ ಸಾಧಾರಣ ಹೋಟೆಲೊಂದನ್ನು ಹೊಕ್ಕೆ. ಬಡಿಸುವ ಹುಡುಗ ಬೆಂಚಿನಲ್ಲಿ ಉಳಿದಿದ್ದ ಒಂದೇ ಒಂದು ಜಾಗವನ್ನು ತೋರಿಸಿದ. ಎದುರಿಗೆ ಆಫ್ರಿಕಾದಿಂದ ಓದಲು ಬಂದ ತರುಣ. ಪಕ್ಕದಲ್ಲಿ ಗಾರೆ ಕೆಲಸ ಮುಗಿಸಿ ಬಂದ ಮೇಸ್ತ್ರಿ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮೂವರ ತಟ್ಟೆಗೂ ಒಂದೇ ಪಾತ್ರೆಯ ಸಾರು ಬಂತು.

ಇದೇನು ಮಹಾ ಸಂಗತಿ ಎಂದು ವಾಚಕರು ಕೇಳಬಹುದು. ಇಷ್ಟಾಗಲು ನಮಗೆ ಬಹಳ ಕಾಲ ಹಿಡಿಯಿತು.

ಇಂಥ ಊಟಕ್ಕೆ ಪರದೇಶದವರು ಇಟ್ಟ ಹೆಸರು ‘ಕರಿ’. ನಮ್ಮ ಅಡಿಗೆಮನೆಯಲ್ಲಿ ಸಾರುಂಟು, ಹುಳಿಯುಂಟು, ಗೊಜ್ಜುಂಟು, ಸಾಗುವುಂಟು. ಕರಿ ಎಂದು ಕೇಳಿದರೆ ಅಜ್ಜಿ ಕಣ್ಣು ಬಿಟ್ಟಾಳು. ಆದರೂ ಮಾತಿನ ಬೇರು ನಮ್ಮ ನೆಲದ್ದೇ. ಯೂಲ್ ಮತ್ತು ಬರ್ನೆಲ್ ಎಂಬುವರು ಸಂಕಲಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದನ್ನು ತಮಿಳಿನ ‘ಕರಿ’ಗೆ ಒಯ್ದು ಮುಟ್ಟಿಸಿ, ಪೋರ್ಚುಗೀಸರು ಬಳಸಿದ್ದು ‘ಕರಿಲ್’ ಎಂಬ ಕನ್ನಡ ರೂಪ ಎನ್ನುತ್ತದೆ.

ಮಾತು ಕಡಲು ದಾಟಿದ್ದು ವ್ಯಾಪಾರಿಗಳಿಂದ. ಊಟ ದಾಟಿದ್ದು ಬಹುಮಟ್ಟಿಗೆ ದಂಡಿನಿಂದ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಆಂಗ್ಲರ ಸೇನೆ ಹಲಸೂರಿನ ಬಳಿ ಬೀಡುಬಿಟ್ಟು, 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬುನಾದಿ ಬಿತ್ತು. ಮರುವರ್ಷವೇ, ಎಂದರೆ 1810ರಲ್ಲಿ, ಕಂಪೆನಿಯ ಬಂಗಾಳ ಸೇನೆಯಲ್ಲಿದ್ದು ಬಂದ ಶೇಖ್ ದೀನ್ ಮಹಮದ್ ಎಂಬಾತ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದ. ಹಿಂದುಸ್ತಾನದ ರುಚಿ ಹತ್ತಿ ಹಿಂದಿರುಗಿದ ಸಾಹೇಬರನ್ನು ನಂಬಿ ತೆರೆದ ಅಂಗಡಿ ಅದು. 1812ರಲ್ಲಿ ಆತ ದಿವಾಳಿಯಾದ. ಇಲ್ಲಿಯ ದಂಡು, ಅಲ್ಲಿಯ ಹೋಟೆಲು ಎರಡೂ ಒಂದೇ ಸೇನೆಯ ಸಂತಾನವೆಂದರೆ ತಪ್ಪಾಗಲಾರದು.

ದಂಡಿನ ಹಿಂದೆ ತಮಿಳರು, ತೆಲುಗರು, ಮುಸಲ್ಮಾನರು, ವರ್ತಕರು, ಅಡಿಗೆಯವರು ಎಲ್ಲ ಬಂದರು. ಮಾಂಸದ ಊಟ ದೊರೆಯುವ ತಾಣಕ್ಕೆ ನಮ್ಮ ನಾಡಿನಲ್ಲಿ ‘ಮಿಲಿಟರಿ ಹೋಟೆಲು’ ಎಂದೇ ಹೆಸರಾಯಿತು. ಆ ಹೆಸರಿಗೆ ಹೇಳುವ ಕಾರಣಗಳು ಹಲವು: ಒಬ್ಬರು ಮರಾಠರ ಸೇನೆ ಎನ್ನುತ್ತಾರೆ, ಇನ್ನೊಬ್ಬರು ಆಂಗ್ಲರ ಪಡೆ ಎನ್ನುತ್ತಾರೆ. ಎಲ್ಲ ಕಥೆಯಲ್ಲೂ ಒಬ್ಬ ಹಸಿದ ಸಿಪಾಯಿ ಇದ್ದೇ ಇದ್ದಾನೆ.

ಹೋಟೆಲಿನ ಫಲಕ ಒಳಗೆ ಏನು ಸಿಗುತ್ತದೆಂದು ಮಾತ್ರ ಹೇಳುತ್ತಿರಲಿಲ್ಲ. ಯಾರು ಒಳಗೆ ಬರಬಹುದೆಂದೂ ಹೇಳುತ್ತಿತ್ತು. ‘ಬ್ರಾಹ್ಮಣರ ಕಾಫಿ ಕ್ಲಬ್ಬು’ ಎಂದು ಬರೆಸಿ, ಒಳಗೆ ಪಂಕ್ತಿಯನ್ನು ಬೇರೆ ಮಾಡುತ್ತಿದ್ದ ಕಾಲ ಅದು. ಅಸ್ಪೃಶ್ಯರೆಂದು ಕರೆಸಿಕೊಂಡವರಿಗೆ ಕಾಫಿ ಬಾಗಿಲ ಹೊರಗೆ, ಬೇರೆ ಲೋಟದಲ್ಲಿ. ಕಾಸು ಮಾತ್ರ ಒಂದೇ ಗಲ್ಲಾ ಪೆಟ್ಟಿಗೆಗೆ ಬೀಳುತ್ತಿತ್ತು. ಆದ್ದರಿಂದಲೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಹೋಟೆಲುಗಳ ಹೆಸರೆತ್ತಿ, ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹೋಟೆಲಿನ ಪಾತ್ರೆಗಳನ್ನು ಬಳಸಗೊಡದಿರುವುದನ್ನೂ ಅಪರಾಧವೆಂದಿತು. ಒಂದು ಲೋಟದ ಮಾತನ್ನು ಪಾರ್ಲಿಮೆಂಟು ಆಡಬೇಕಾಗಿ ಬಂತೆಂದರೆ ಆ ಲೋಟದ ಭಾರವನ್ನು ಊಹಿಸಬಹುದು.

ಆ ವೇಳೆಗೆ ಕಮ್ಮನಹಳ್ಳಿ ದಂಡಿನ ಅಂಚಿಗಿದ್ದ ಹಳ್ಳಿ. 1898ರ ಪ್ಲೇಗಿನ ತರುವಾಯ ಫ್ರೇಜರ್ ಟೌನಿನಂಥ ಬಡಾವಣೆಗಳು ಎದ್ದು ಊರು ಇತ್ತ ಸರಿಯತೊಡಗಿತ್ತು. 1949ರಲ್ಲಿ ನಗರವೂ ದಂಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದುವು. ಮುಂದೆ ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ಹೆಸರಿನಲ್ಲಿ ಎಚ್.ಆರ್.ಬಿ.ಆರ್. ಬಡಾವಣೆ ಹರಡಿ, ಹೊಲಗಳಿದ್ದಲ್ಲಿ ಮನೆಗಳಾದುವು. ಕೇರಳದವರು, ಆಂಧ್ರದವರು, ಈಶಾನ್ಯ ರಾಜ್ಯಗಳವರು, ಹೊರದೇಶದ ವಿದ್ಯಾರ್ಥಿಗಳು ಬಂದು ನೆಲೆಸಿದರು. ಅವರವರ ಊರಿನ ಒಲೆಯೂ ಜೊತೆಗೇ ಬಂತು.

ಕಾಯಿದೆ ಹೋಟೆಲಿನ ಬಾಗಿಲನ್ನು ತೆರೆಸಿತು. ಮನೆಯ ಬಾಗಿಲಿನ ಮಾತೇ ಬೇರೆ. ಇದೇ ಬೆಂಗಳೂರಿನಲ್ಲಿ ಇಂದಿಗೂ ಬಾಡಿಗೆಗೆ ಮನೆ ನೋಡಲು ಹೋದವನನ್ನು ಮುಂಗಡದ ಮಾತಿಗೂ ಮೊದಲು ‘ನೀವು ಯಾವ ಜನ? ಮಾಂಸ ತಿನ್ನುತ್ತೀರಾ?’ ಎಂದು ಕೇಳುವವರಿದ್ದಾರೆ. ಹೀಗೆ ನಾಲ್ಕು ಬಾಗಿಲಲ್ಲಿ ಇಲ್ಲವೆನ್ನಿಸಿಕೊಂಡು ಬಂದವನಿಗೆ ಹೋಟೆಲಿನ ಬೆಂಚು ಬರಿಯ ಮರದ ಹಲಗೆಯಲ್ಲ.

ನಾನು ಏಳುವ ಹೊತ್ತಿಗೆ ಮೇಸ್ತ್ರಿ ಈರುಳ್ಳಿಯ ತಟ್ಟೆಯನ್ನು ಆ ತರುಣನ ಕಡೆಗೆ ಸರಿಸಿ, ‘ತಗೊಳ್ಳಿ’ ಎಂದ. ಭಾಷೆ ತಿಳಿಯದಿದ್ದರೂ ಆತ ತೆಗೆದುಕೊಂಡ. ಬಾಗಿಲಲ್ಲಿ ಆಗಲೇ ಇನ್ನೊಬ್ಬ ಕಾಯುತ್ತಿದ್ದ. ಹುಡುಗ ಮೇಜು ಒರೆಸಿ, ನನ್ನ ಜಾಗವನ್ನು ಅವನಿಗೆ ತೋರಿಸಿದ.