ವ್ಯಂಗ್ಯಚಿತ್ರಕಾರ ಲಕ್ಷ್ಮಣರು ಮತ್ತು ಶ್ರೀಸಾಮಾನ್ಯ

ಶಿಲಾಶಾಸನಗಳನ್ನೂ ಸರಕಾರದ ಕಡತಗಳನ್ನೂ ಇತಿಹಾಸದ ಆಕರಗಳೆಂದು ಒಪ್ಪುವ ನಾವು ದಿನಪತ್ರಿಕೆಯ ವ್ಯಂಗ್ಯಚಿತ್ರವನ್ನು ಹಾಗೆಣಿಸುವುದು ವಿರಳ. ಅದು ಒಂದು ದಿನ ನಗಿಸಿ ಮರೆಯಾಗತಕ್ಕ ವಸ್ತುವೆಂಬ ಭಾವನೆಯೇ ಇದಕ್ಕೆ ಕಾರಣ. ಆರ್. ಕೆ. ಲಕ್ಷ್ಮಣರ ಜೀವನಕಾರ್ಯವನ್ನು ಪರಿಶೀಲಿಸಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಲಕ್ಷ್ಮಣರು 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಜನಿಸಿದರು. ಅವರ ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ಕಾದಂಬರಿಕಾರ ಆರ್. ಕೆ. ನಾರಾಯಣರು ಅಣ್ಣ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪ್ರವೇಶ ದೊರೆಯದೆ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿದರು. ಓದುತ್ತಿದ್ದಾಗಲೇ ಅಣ್ಣನ ಕಥೆಗಳಿಗೆ ‘ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಹಾಸ್ಯಮಾಸಿಕ ‘ಕೊರವಂಜಿ’ಯಲ್ಲಿಯೂ ಅವರ ಚಿತ್ರಗಳು ಬೆಳಕು ಕಂಡವು. ಹೀಗೆ, ಮುಂದೆ ಇಂಗ್ಲಿಷ್ ಪತ್ರಿಕೆಯಿಂದ ಖ್ಯಾತರಾದ ಕಲಾವಿದರ ಕೈ ಪಳಗಿದುದರಲ್ಲಿ ಕನ್ನಡ ಪತ್ರಿಕೆಯೊಂದರ ಪಾಲೂ ಉಂಟು.

ಮುಂಬಯಿಯಲ್ಲಿ ಮೊದಲು ‘ಫ್ರೀ ಪ್ರೆಸ್ ಜರ್ನಲ್’ನಲ್ಲಿಯೂ ಬಳಿಕ ಅರ್ಧ ಶತಮಾನಕ್ಕೂ ಮಿಕ್ಕು ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿಯೂ ಅವರು ದುಡಿದರು. ಮೊದಮೊದಲು ಭಾರತದ ಜನತೆಯನ್ನು ತೋರಲು ಬಂಗಾಳಿ, ತಮಿಳ, ಪಂಜಾಬಿ ಎಂದು ಹಲವರನ್ನು ಚಿತ್ರಿಸುತ್ತಿದ್ದರು. ಪ್ರತಿದಿನದ ಅವಸರದಲ್ಲಿ ಆ ಗುಂಪು ಕರಗುತ್ತ ಬಂದು ಕೊನೆಗೆ ಒಬ್ಬನೇ ಉಳಿದನು. ಚೌಕಳಿಯ ಕೋಟು, ಧೋತರ, ಕನ್ನಡಕ, ಪೊದೆಮೀಸೆಯ ಆತನೇ 1951ರಲ್ಲಿ ಪ್ರಸಿದ್ಧಿಗೆ ಬಂದ ಶ್ರೀಸಾಮಾನ್ಯ. ಆತನು ಎಲ್ಲವನ್ನೂ ನೋಡುತ್ತಾನೆ; ಮಾತನಾಡುವುದಿಲ್ಲ.

ಈ ವರ್ಷ ನಮ್ಮ ಶಹಾಬಾದಿನವರಿಗೆ ಗಮನಾರ್ಹವಾದುದು. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮರ ಆಳಿಕೆಯಲ್ಲಿತ್ತು. 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಇಲ್ಲಿಯ ಹಾಸುಗಲ್ಲಿನ ಗಣಿಗಳ ಕೂಲಿಕಾರನೂ ಒಕ್ಕಲಿಗನೂ ಗೃಹಿಣಿಯೂ ವಯಸ್ಕ ಮತಾಧಿಕಾರದಿಂದ ಮತದಾರರಾದರು. ಅರಸನ ಪ್ರಜೆಯು ಗಣರಾಜ್ಯದ ನಾಗರಿಕನಾದ ಕಾಲದಲ್ಲಿಯೇ ವೃತ್ತಪತ್ರಿಕೆಯಲ್ಲಿ ಆ ನಾಗರಿಕನಿಗೊಂದು ರೂಪ ದೊರೆತುದು ಕೇವಲ ಆಕಸ್ಮಿಕವೆಂದು ನಾವು ಭಾವಿಸುವುದಿಲ್ಲ. ಮಂತ್ರಿಯ ಭಾಷಣ, ಅಧಿಕಾರಿಯ ಆಶ್ವಾಸನೆ ಇವುಗಳನ್ನು ಮೌನವಾಗಿ ತೂಗಿನೋಡುವ ಹಕ್ಕು ಆತನಿಗೆ ಆಗ ತಾನೇ ಬಂದಿತ್ತು.

ಆದರೂ ಇಲ್ಲಿ ಎಚ್ಚರಿಕೆ ಅಗತ್ಯ. ಶ್ರೀಸಾಮಾನ್ಯನ ಕೋಟು ನಗರದ ಮಧ್ಯಮವರ್ಗದವನದು, ಗಣಿಯಲ್ಲಿ ಕಲ್ಲೆಬ್ಬಿಸುವವನದಲ್ಲ. ಒಬ್ಬನು ಎಲ್ಲರ ಪ್ರತಿನಿಧಿಯಾದಾಗ ಹಲವರು ಚೌಕಟ್ಟಿನ ಹೊರಗುಳಿಯುತ್ತಾರೆ. ಅಲ್ಲದೆ ವ್ಯಂಗ್ಯಚಿತ್ರವು ನಡೆದ ಸಂಗತಿಗೆ ಪ್ರಮಾಣವಲ್ಲ. ಆ ಸಂಗತಿ ಸಮಕಾಲೀನರಿಗೆ ಹೇಗೆ ಕಂಡಿತೆಂಬುದಕ್ಕೆ ಪ್ರಮಾಣ. ಕಡತಗಳಲ್ಲಿ ಸಾಮಾನ್ಯವಾಗಿ ದೊರೆಯದಿರುವುದು ಇದೇ.

ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 2005ರಲ್ಲಿ ಪದ್ಮವಿಭೂಷಣವೂ ಸಂದವು. 2015ರ ಜನವರಿ 26ರಂದು, ಗಣರಾಜ್ಯ ದಿನದಂದೇ, ಅವರು ಪುಣೆಯಲ್ಲಿ ನಿಧನರಾದರು. ನಮ್ಮ ವಿದ್ಯಾರ್ಥಿಗಳು ಹಳೆಯ ಪತ್ರಿಕೆಗಳನ್ನು ತೆರೆದಾಗ ಸಂಪಾದಕೀಯವನ್ನು ಓದಿ ಚಿತ್ರವನ್ನು ದಾಟಿಹೋಗದಿರಲಿ. ಅಲ್ಲಿ ಮಾತನಾಡದೆ ನಿಂತವನ ಸಾಕ್ಷ್ಯವನ್ನೂ ಬರೆದುಕೊಳ್ಳುವುದು ಇತಿಹಾಸಕಾರನ ಕರ್ತವ್ಯ.