ಕುಂಚದ ಗೆರೆ ಯಾವುದಕ್ಕೆ ಅಂಟಿಕೊಳ್ಳಬೇಕು?

ಆಪ್‌ಗೆ ಒಂದು ಫೋಟೋ ಹಾಕಿ ಬಟನ್ ಒತ್ತಿದ್ರೆ ಸಾಕು, ಆಯಿಲ್ ಪೇಂಟಿಂಗ್ ರೆಡಿ. ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲೇ ಯಾರದಾದ್ರೂ ಡಿಪಿ ಹಾಗಿರುತ್ತೆ, ನೋಡಿ. ಆ ಬಟನ್ ಹಿಂದೆ ಮೂವತ್ತೈದು ವರ್ಷದ ಇತಿಹಾಸ ಇದೆ. ನಾನು ಬಿ.ಕಾಂ. ಓದಿದವನು, ಗಣಿತದ ಸೂತ್ರಗಳಿಗೆ ಕೈ ಹಾಕಲ್ಲ. ನನಗೆ ಬೇಕಿರೋದು ಇಷ್ಟೇ: ಕುಂಚದ ಗೆರೆ ಎಲ್ಲಿ ಬೀಳಬೇಕು ಅಂತ ತೀರ್ಮಾನ ಮಾಡೋದು ಯಾರು?

ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನವರಿಗೆ ಒಂದೇ ಹಠ, ಚಿತ್ರ ಫೋಟೋ ಥರಾನೇ ಕಾಣಬೇಕು. 1990ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಸಿಗ್ರಾಫ್ ಸಮ್ಮೇಳನಕ್ಕೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಪಾಲ್ ಹೇಬರ್ಲಿ ಉಲ್ಟಾ ದಾರಿ ಹಿಡಿದು ಬಂದರು. ಅವರ ಪ್ರೋಗ್ರಾಂನಲ್ಲಿ ಫೋಟೋ ಮರೆಯಲ್ಲಿರುತ್ತೆ, ಎದುರಿಗೆ ಖಾಲಿ ಕ್ಯಾನ್ವಾಸ್. ನೀವು ಮೌಸ್ ಆಡಿಸಿದ ಕಡೆಯೆಲ್ಲ, ಫೋಟೋದ ಅದೇ ಜಾಗದ ಬಣ್ಣದಲ್ಲಿ ಒಂದೊಂದು ಗೆರೆ ಬೀಳುತ್ತೆ. ಬಣ್ಣ ಆರಿಸೋ ಕೆಲಸ ಯಂತ್ರದ್ದು. ಮುಖಕ್ಕೆ ಸಣ್ಣ ಗೆರೆ ಸಾಕಾ, ಆಕಾಶಕ್ಕೆ ದಪ್ಪ ಗೆರೆ ಬೇಕಾ, ಅದನ್ನ ತೀರ್ಮಾನಿಸೋದು ಮೌಸ್ ಹಿಡಿದವರು.

ನಾಲ್ಕು ವರ್ಷದ ನಂತರ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಂಕೆನ್‌ಬಾಕ್ ಮತ್ತು ಸೇಲ್ಸಿನ್ ಶಾಯಿ ಗೆರೆಯ ರೇಖಾಚಿತ್ರಗಳನ್ನ ಕಂಪ್ಯೂಟರಿನಿಂದ ಬರೆಸಿದರು. ‘ನಾನ್-ಫೋಟೋರಿಯಲಿಸ್ಟಿಕ್ ರೆಂಡರಿಂಗ್’ ಅನ್ನೋ ಹೆಸರು ಬಳಕೆಗೆ ಬಂದದ್ದು ಆ ಹೊತ್ತಿಗೆ. ‘ಫೋಟೋದಂತಲ್ಲದ್ದು’ ಅಂತ ಹೆಸರು! ಇಡ್ಲಿ, ದೋಸೆ, ಉಪ್ಪಿಟ್ಟು ಎಲ್ಲಕ್ಕೂ ಸೇರಿಸಿ ‘ಅನ್ನವಲ್ಲದ್ದು’ ಅಂದ ಹಾಗಾಯ್ತು. ಗೇಮ್‌ಗಳ ಸೆಲ್ ಶೇಡಿಂಗ್ ಕೂಡ ಇದೇ ಮನೆತನದ್ದು, ಅದನ್ನ ಇನ್ನೊಂದು ಸಂಚಿಕೆಗೆ ಇಟ್ಕೊಳ್ಳೋಣ.

ಒಂದು ಚಿತ್ರ ಮಾಡೋವರೆಗೆ ಎಲ್ಲಾ ಸುಲಭ. ಚಿತ್ರ ಚಲಿಸೋಕೆ ಶುರುವಾದಾಗ ತಲೆನೋವು. ಪ್ರತಿ ಫ್ರೇಮ್‌ಗೂ ಹೊಸದಾಗಿ ಗೆರೆ ಹಾಕಿದ್ರೆ ಪರದೆ ಪೂರ್ತಿ ಮಿಣಮಿಣ ಅನ್ನುತ್ತೆ. ಸರಿ, ಗೆರೆಗಳನ್ನ ಪರದೆ ಮೇಲೆ ಒಂದೇ ಜಾಗದಲ್ಲಿ ಇಟ್ಟುಬಿಡೋಣ ಅಂದ್ರೆ, ಮಳೆಗಾಲದ ಬಸ್ಸಿನ ಕಿಟಕಿ ನೆನಪಿಸಿಕೊಳ್ಳಿ. ಹೊರಗೆ ಮರ ಓಡುತ್ತೆ, ಗಾಜಿನ ಮೇಲಿನ ಹನಿ ಅಲ್ಲೇ ಕೂತಿರುತ್ತೆ. ಹಾಗೇನೇ ಇದೂ. ತಜ್ಞರು ಇದನ್ನ ‘ಶವರ್ ಡೋರ್’ ಸಮಸ್ಯೆ ಅಂತಾರೆ, ಸ್ನಾನದ ಮನೆಯ ಗಾಜಿನ ಬಾಗಿಲಿನ ಆಚೆಯಿಂದ ನೋಡಿದಂತೆ.

1996ರಲ್ಲಿ ಡಿಸ್ನಿಯ ಬಾರ್ಬರಾ ಮೀಯರ್ ಒಂದು ಪರಿಹಾರ ಕೊಟ್ಟರು. ಮೂರು ಆಯಾಮದ ವಸ್ತುವಿನ ಮೈಮೇಲೆ ಕಣಗಳನ್ನ ಅಂಟಿಸಿ, ಒಂದೊಂದು ಕಣಕ್ಕೂ ಒಂದೊಂದು ಗೆರೆ ಕಟ್ಟೋದು. ವಸ್ತು ಹೋದಲ್ಲಿ ಗೆರೆಯೂ ಹೋಗುತ್ತೆ. ಆದರೆ ಕ್ಯಾಮೆರಾದಲ್ಲಿ ಶೂಟ್ ಮಾಡಿದ ವಿಡಿಯೋದಲ್ಲಿ ಕಣ ಅಂಟಿಸೋಕೆ ಮಾಡೆಲ್ ಎಲ್ಲಿರುತ್ತೆ? 1998ರ ‘ವಾಟ್ ಡ್ರೀಮ್ಸ್ ಮೇ ಕಮ್’ ಸಿನಿಮಾದಲ್ಲಿ ರಾಬಿನ್ ವಿಲಿಯಮ್ಸ್ ಪಾತ್ರ ಸತ್ತ ಮೇಲೆ ಹೆಂಡತಿ ಬರೆದ ಪೇಂಟಿಂಗ್ ಒಳಗೆ ಓಡಾಡುತ್ತೆ. ಅಲ್ಲಿ ‘ಆಪ್ಟಿಕಲ್ ಫ್ಲೋ’ ಬಳಸಿದರು: ಒಂದು ಫ್ರೇಮಿನ ಬಿಂದು ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಸರಿದಿದೆ ಅಂತ ಲೆಕ್ಕ ಹಾಕಿ, ಗೆರೆಯನ್ನ ಅದರ ಬೆನ್ನು ಹತ್ತಿಸೋದು. ವಿಷುವಲ್ ಎಫೆಕ್ಟ್ಸ್ ಆಸ್ಕರ್ ಆ ಸಿನಿಮಾಗೇ ಬಂತು.

ನನಗೆ ಅತಿ ಇಷ್ಟದ ಅಧ್ಯಾಯ 1999ರ ‘ಟಾರ್ಜನ್’. ಅವನು ಕೊಂಬೆಗಳ ಮೇಲೆ ಸರ್ರನೆ ಜಾರಿಕೊಂಡು ಹೋಗೋ ದೃಶ್ಯ ನೆನಪಿದೆಯಲ್ವಾ? ಕ್ಯಾಮೆರಾ ಅವನ ಹಿಂದೆಯೇ ಕಾಡಿನೊಳಗೆ ನುಗ್ಗುತ್ತೆ, ಆದ್ರೂ ಕಾಡು ಕೈಯಲ್ಲಿ ಬಣ್ಣ ಹಚ್ಚಿದಂತೆಯೇ ಇದೆ. ಡಿಸ್ನಿಯ ‘ಡೀಪ್ ಕ್ಯಾನ್ವಾಸ್’ ಸಾಫ್ಟ್‌ವೇರ್ ಮಾಡಿದ್ದು ಹೆಚ್ಚುಕಡಿಮೆ ಅಕೌಂಟೆಂಟ್ ಕೆಲಸ. ಕಲಾವಿದರು ಮರದ ಮೂರು ಆಯಾಮದ ಮಾಡೆಲ್ ಮೇಲೆ ಬಣ್ಣ ಹಚ್ಚುತ್ತಾರೆ. ಪ್ರತಿ ಗೆರೆಯೂ ಎಲ್ಲಿ ಬಿತ್ತು, ಯಾವ ಬಣ್ಣ, ಎಷ್ಟು ದಪ್ಪ ಅಂತ ರೋಕಡ್ ಪುಸ್ತಕದಲ್ಲಿ ಬರೆದ ಹಾಗೆ ಸಾಫ್ಟ್‌ವೇರ್ ದಾಖಲಿಸುತ್ತೆ. ಕ್ಯಾಮೆರಾ ತಿರುಗಿದಾಗ ಅವೇ ಗೆರೆಗಳನ್ನ ಹೊಸ ಕೋನದಿಂದ ಮತ್ತೆ ಎಳೆಯುತ್ತೆ. ಯಂತ್ರ ತಾನಾಗಿ ಏನೂ ಕಲ್ಪಿಸಿಕೊಳ್ಳಲ್ಲ. ಇದನ್ನ ಮಾಡಿದವರಿಗೆ 2003ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ತು.

2015ರಲ್ಲಿ ಆಟ ಬದಲಾಯ್ತು. ಜರ್ಮನಿಯ ಟ್ಯೂಬಿಂಗನ್‌ನ ಗ್ಯಾಟಿಸ್, ಎಕರ್, ಬೆಥ್ಗೆ ಎಂಬ ಸಂಶೋಧಕರು ತಮ್ಮ ಊರಿನ ಹೊಳೆದಂಡೆಯ ಮನೆಗಳ ಫೋಟೋ ತಗೊಂಡು, ವ್ಯಾನ್ ಗೋ ಅವರ ‘ಸ್ಟಾರಿ ನೈಟ್’ ಶೈಲಿಯನ್ನ ನ್ಯೂರಲ್ ನೆಟ್‌ವರ್ಕ್ ಮೂಲಕ ಅದಕ್ಕೆ ಹೊದಿಸಿದರು. ಮರುವರ್ಷವೇ ಪ್ರಿಸ್ಮಾ ಆಪ್ ಬಂದು ಎಲ್ಲರ ಫೋನಿಗೂ ಈ ಥರದ ಶೈಲಿ ಇಳಿಯಿತು. ಇಲ್ಲಿ ಗೆರೆ ಅನ್ನೋದೇ ಇಲ್ಲ. ಆ ಪೇಂಟಿಂಗ್‌ನಲ್ಲಿ ಯಾವ ಬಣ್ಣದ ಜೊತೆ ಯಾವ ವಿನ್ಯಾಸ ಬರುತ್ತೆ ಅನ್ನೋ ಅಂಕಿಅಂಶ ಅಷ್ಟೇ. ನಕ್ಷತ್ರದ ಸುತ್ತ ಗೆರೆ ಯಾಕೆ ಸುತ್ತಿಕೊಂಡಿದೆ ಅಂತ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೇಬರ್ಲಿ ಮೌಸ್ ಹಿಡಿದವರಿಗೆ ಬಿಟ್ಟುಕೊಟ್ಟಿದ್ದ ತೀರ್ಮಾನ ಸದ್ದಿಲ್ಲದೆ ಕೈ ತಪ್ಪಿದ್ದು ಇಲ್ಲೇ ಅಂತ ನನ್ನ ಅನಿಸಿಕೆ.

ತಮಾಷೆ ಏನಪ್ಪಾ ಅಂದ್ರೆ, ಈ ವಿಧಾನವನ್ನ ವಿಡಿಯೋಗೆ ಹಾಕಿದಾಗ ಅದೇ ಹಳೇ ಮಿಣಮಿಣ ವಾಪಸ್ ಬಂತು. 2016ರಲ್ಲಿ ಫ್ರೈಬರ್ಗ್‌ನ ಸಂಶೋಧಕರು ಅದನ್ನ ಸರಿಮಾಡಿದ್ದು ಹೇಗೆ ಗೊತ್ತಾ? ಮತ್ತೆ ಅದೇ ಆಪ್ಟಿಕಲ್ ಫ್ಲೋ ಬಳಸಿ!

ಹಾಗಂತ ಕಲಿಯೋ ಯಂತ್ರ ಬಂದಲ್ಲೆಲ್ಲ ಕೈ ಹೊರಗೆ ಅಂತೇನಿಲ್ಲ. 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್’ ಸಿನಿಮಾದಲ್ಲಿ ಪಾತ್ರಗಳ ಮುಖದ ಮೇಲೆ ಕಾಮಿಕ್ಸ್ ಥರ ಶಾಯಿ ಗೆರೆಗಳಿವೆ. ಹುಬ್ಬು ಗಂಟಿಕ್ಕಿದಾಗ ಗೆರೆ ಎಲ್ಲಿ ಬರಬಹುದು ಅಂತ ಮಷಿನ್ ಲರ್ನಿಂಗ್ ಒಂದು ಸೂಚನೆ ಕೊಡುತ್ತಿತ್ತು, ಕಲಾವಿದರು ಅದನ್ನ ನೋಡಿ ತಿದ್ದುತ್ತಿದ್ದರು. ಆ ಸಿನಿಮಾ ಸಿಕ್ಕರೆ ಮೈಲ್ಸ್‌ನ ಮುಖ ಹತ್ತಿರದಲ್ಲಿ ತೋರಿಸಿದಾಗ ಒಂದು ಸಲ ಪಾಸ್ ಮಾಡಿ, ಹಣೆ ಮೇಲಿನ ಗೆರೆ ನೋಡಿ.