ಥೋರೋನ ಎರಡನೆಯ ಚಳಿಗಾಲ

ಥೋರೋನ ಹೆಸರು ನಮ್ಮಲ್ಲಿ ಕೇಳಿಬರುವುದು ಹೆಚ್ಚಾಗಿ ಗಾಂಧೀಜಿಯವರ ಹೆಸರಿನೊಡನೆ. ತೆರಿಗೆ ಕೊಡಲೊಲ್ಲದೆ 1846ರ ಜುಲೈನಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದವನು ಅವನು. ಸರಕಾರಕ್ಕೆ ಬಾಗದ ಈ ಮನುಷ್ಯ ಅದೇ ವರ್ಷದ ಚಳಿಗಾಲದಲ್ಲಿ ಒಂದು ಕಬ್ಬಿಣದ ಒಲೆಗೆ ಬಾಗಿದನೆಂಬುದನ್ನು ನಾನು ಬಹುಕಾಲ ಗಮನಿಸಿಯೇ ಇರಲಿಲ್ಲ.

ಅಮೆರಿಕದ ಕಾಂಕರ್ಡ್ ಊರಿನ ಬಳಿ, ವಾಲ್ಡನ್ ಕೊಳದ ದಡದಲ್ಲಿ, ಅವನು ತಾನೇ ಕಟ್ಟಿಕೊಂಡ ಗುಡಿಸಲು 10 ಅಡಿ ಅಗಲ, 15 ಅಡಿ ಉದ್ದ. ತಗುಲಿದ ವೆಚ್ಚ 28 ಡಾಲರು, 12½ ಸೆಂಟು. 1845ರ ಜುಲೈ 4ರಂದು ಒಕ್ಕಲು ಹೋದಾಗ ಹೊಗೆಗೂಡೇ ಇರಲಿಲ್ಲ, ಅಡುಗೆಯೆಲ್ಲ ಬಯಲಿನಲ್ಲಿ. ಚಳಿ ಬರುವ ಮುನ್ನ ಹಳೆಯ ಇಟ್ಟಿಗೆಗಳಿಗೆ ಮೆತ್ತಿದ್ದ ಗಾರೆಯನ್ನು ಕರಣೆಯಿಂದ ಕೆತ್ತಿ, ಕೊಳದ ದಡದ ಕಲ್ಲು ಮರಳು ಹೊತ್ತು ತಂದು, ಅಗ್ಗಿಷ್ಟಿಕೆಯನ್ನು ಕಟ್ಟಿದ. ಬೆಳಗ್ಗೆ ನೆಲದಿಂದ ಮೊದಲಿಟ್ಟ ವರಸೆ ರಾತ್ರಿಯ ಹೊತ್ತಿಗೆ ತಲೆದಿಂಬಿನಷ್ಟೇ ಎತ್ತರವಾಗುತ್ತಿತ್ತಂತೆ! ಅಷ್ಟು ನಿಧಾನ, ಅಷ್ಟು ಅಕ್ಕರೆ.

ಇಂಥ ಅಗ್ಗಿಷ್ಟಿಕೆಯನ್ನು ಬಿಟ್ಟು ಮರುವರ್ಷ ಅಡುಗೆಯ ಸಣ್ಣ ಒಲೆಯೊಂದನ್ನು ಹೂಡಿದ. ಕಾರಣವನ್ನು ಅವನೇ ಕೊಟ್ಟಿದ್ದಾನೆ: ಮಿತವ್ಯಯ, ಕಾಡು ತನ್ನದಲ್ಲ. ಗುಡಿಸಲಿದ್ದ ನೆಲ ಗೆಳೆಯ ಎಮರ್ಸನ್ನನದು. ಅದಲ್ಲದೆ 1844ರಲ್ಲಿ, ಮೀನು ಬೇಯಿಸಲು ಹೊತ್ತಿಸಿದ ಬೆಂಕಿ ಕೈಮೀರಿ, ಇವನಿಂದಲೇ ಸುಮಾರು 300 ಎಕರೆ ಕಾಡು ಸುಟ್ಟಿತ್ತು. ಪರರ ಮರದ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಿತವ್ಯಯದ ಲೆಕ್ಕ ಹಳೆಯದು. ತೆರೆದ ಅಗ್ಗಿಷ್ಟಿಕೆಯ ಬಿಸಿ ಬಹುಪಾಲು ಹೊಗೆಗೂಡಿನಲ್ಲೇ ಹೋಗುತ್ತದೆ. ಅದು ಎಳೆದುಕೊಂಡ ಗಾಳಿಯ ಜಾಗಕ್ಕೆ ಬಾಗಿಲ ಸಂದಿನಿಂದ ಕುಳಿರ್ಗಾಳಿ ನುಗ್ಗುತ್ತದೆ. ಎದೆ ಬೇಯುವಾಗ ಬೆನ್ನು ನಡುಗುತ್ತಿರುತ್ತದೆ. ಕೆಲವು ಊರುಗಳಿಗೆ 100 ಮೈಲಿ ದೂರದಿಂದ ಸೌದೆ ತರಬೇಕಾಗಿದೆಯೆಂದು ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲೇ ಬರೆದು, ತನ್ನ ಹೊಸ ಒಲೆಯನ್ನು ವಿವರಿಸಿದ್ದ. ಅದರ ಮೇಲಿನ ಏಕಸ್ವಾಮ್ಯ ತಾನಾಗಿ ಬಂದರೂ ಬೇಡವೆಂದ. ಆದರೆ ಅವನು ತನ್ನ ಒಲೆಯ ಮುಂಭಾಗವನ್ನು ತೆರೆದೇ ಇಟ್ಟಿದ್ದ. ಬೆಂಕಿಯನ್ನು ನೋಡುವುದೂ ಒಂದು ಸುಖವೆಂದು ಆ ವ್ಯವಹಾರಕುಶಲನಿಗೂ ಅನ್ನಿಸಿತ್ತು.

ಥೋರೋ ತಂದ ಒಲೆಗೆ ಆ ಗುಣವಿರಲಿಲ್ಲ. ಜಾಗ ತಿಂದಿತು, ಮನೆಯಲ್ಲೆಲ್ಲ ವಾಸನೆ ಎಬ್ಬಿಸಿತು, ಬೆಂಕಿಯನ್ನೂ ಸರಿಯಾಗಿ ಕಾಯ್ದಿಡಲಿಲ್ಲ. ಸಣ್ಣ ಒಡಲಿಗೆ ಸಣ್ಣ ಸೀಳುಗಳೇ ಹಿಡಿಯುವುದು, ಅವು ಬೇಗ ಉರಿದು ಮುಗಿಯುತ್ತವೆ. ಕಾದ ಇಟ್ಟಿಗೆಯಂತೆ ತೆಳು ಕಬ್ಬಿಣ ಬಿಸಿಯನ್ನು ಹಿಡಿದಿಡಲಾರದು. ಅಡುಗೆಯ ಒಲೆಯಿಂದ ಮನೆ ಕಾಯಿಸಹೊರಟದ್ದೇ ತಪ್ಪೆಂದು ನನ್ನ ಎಣಿಕೆ. ಅವನ ಮುಖ್ಯ ದೂರು ಮಾತ್ರ ಬೇರೆ: ಒಲೆ ಬೆಂಕಿಯನ್ನು ಮರೆಮಾಡಿತು, ಒಬ್ಬ ಜೊತೆಗಾರನನ್ನು ಕಳೆದುಕೊಂಡಂತಾಯಿತು.

ಇದು ಕವಿಯ ಹಟವೆಂದು ಮೊದಲು ನಕ್ಕಿದ್ದೆ. ಆಮೇಲೆ ನಮ್ಮಜ್ಜಿಯ ನೆನಪಾಯಿತು. ಬಚ್ಚಲಿಗೆ ಗೀಜರ್ ಬಂದು ಹಂಡೆಯೊಲೆ ಆರಿದ ಮೇಲೂ, ಆಕೆ ಕೆಲವು ದಿನ ಕಾಫಿಲೋಟ ಹಿಡಿದು ಆ ತಣ್ಣನೆಯ ಒಲೆಯೆದುರೇ ಕೂರುತ್ತಿದ್ದಳು.

1847ರ ಸೆಪ್ಟೆಂಬರ್ 6ರಂದು ಥೋರೋ ವಾಲ್ಡನ್ ಬಿಟ್ಟ. ಗುಡಿಸಲನ್ನು ಯಾರೋ ಕೊಂಡು ಸಾಗಿಸಿದರು. ಅದಿದ್ದ ಜಾಗವೇ ವಿವಾದಕ್ಕೆ ಬಿತ್ತು. 1945ರಲ್ಲಿ ರೋಲೆಂಡ್ ರಾಬಿನ್ಸ್ ಎಂಬಾತ ಅಗೆದು ಆ ಜಾಗವನ್ನು ಗುರುತಿಸಿದ. ಅವನಿಗೆ ಸಿಕ್ಕ ಕುರುಹು ಆ ಹೊಗೆಗೂಡಿನ ಬುನಾದಿ.